ಜೋಡಿಯಪ್ಪನೂ ಆರಿಸಿಟ್ಟ ಫ್ರಿಜ್ಜೂ

ಜೋಡಿಯಪ್ಪ ಅಂತ ಅವನಿಗೆ ಹೆಸರು ಬಿದ್ದದ್ದು ಅಂಗಡಿಯಲ್ಲಿ. ಇಪ್ಪತ್ತೆರಡು ವರ್ಷದಿಂದ ಒಂದೇ ಆಡಿಯೋ ಅಂಗಡಿ, ಒಂದೇ ಸ್ಟೂಲು. ಅವನ ಕೆಲಸ ಏನಪ್ಪಾ ಅಂದರೆ ಪೆಟ್ಟಿಗೆಗೆ ಪೆಟ್ಟಿಗೆ ಜೋಡಿಸುವುದು. ಈ ಆಂಪ್ಲಿಫೈಯರಿಗೆ ಆ ಸ್ಪೀಕರು, ಆ ಪ್ಲೇಯರಿಗೆ ಈ ಕೇಬಲ್ಲು. ಎರಡು ಒಳ್ಳೆಯ ಪೆಟ್ಟಿಗೆ ತಂದು ಪಕ್ಕಪಕ್ಕ ಕೂರಿಸಿದರೆ ಒಳ್ಳೆಯ ನಾದ ಬಂದೇ ಬರುತ್ತದೆ ಅಂತ ನೀವು ತಿಳಿದಿದ್ದರೆ ಅದು ನಿಮ್ಮ ಭ್ರಮೆ. ಎರಡೂ ಮೇಲೆಬಿದ್ದು ಮಾತಾಡುವ ಜಾತಿಯವಾದರೆ ಕೇಳುವವನ ತಲೆ ಚಿಟ್ಟು ಹಿಡಿಯುತ್ತದೆ. ಎರಡೂ ಸಪ್ಪೆಯಾದರೆ ಹಾಡು ಶುರುವಾಗುವ ಮೊದಲೇ ಆಕಳಿಕೆ. ಜೋಡಿಯಪ್ಪ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು ಎರಡು ನಿಮಿಷ ಕೇಳಿ, "ಊಹೂಂ, ಈ ಸಂಬಂಧ ಬೇಡ, ಗಂಡು ಸ್ವಲ್ಪ ಜೋರು" ಅಂದುಬಿಟ್ಟರೆ ಮುಗಿಯಿತು. ಗಿರಾಕಿಗಳು ನಗುತ್ತಿದ್ದರು, ನಕ್ಕು ಬೇರೆ ಪೆಟ್ಟಿಗೆಯನ್ನೇ ಒಯ್ಯುತ್ತಿದ್ದರು.

ಆ ವರ್ಷ ಅಂಗಡಿಗೆ ಒಂದು ಡ್ಯಾಕ್ ಬಂತು. ಈಗಿನ ಹಾಡೆಲ್ಲ ಅಂಕಿಗಳ ರಾಶಿ ತಾನೇ? ಆ ಅಂಕಿಗಳನ್ನು ಮತ್ತೆ ನಾದ ಮಾಡಿಕೊಡುವ ಪೆಟ್ಟಿಗೆಗೆ ಆ ಹೆಸರು. ನಿಮ್ಮ ಮೊಬೈಲಿನೊಳಗೂ ಒಂದು ಇರುತ್ತದೆ, ಕಾಳಿನಷ್ಟು. ಇದು ಹಾಗಲ್ಲ. ಹನ್ನೆರಡು ಕಿಲೋ ತೂಕ, ಬೂದಿ ಬಣ್ಣದ ಮೈ, ಮುಂದುಗಡೆ ಒಂದೇ ಒಂದು ಗುಂಡಿ. ಬೆಲೆ ಕೇಳಿದವರು ಸರಿಯಾಗಿ ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಕೇಳುತ್ತಿದ್ದರು. ಅಂಗಡಿಯ ಯಜಮಾನ ಜೋಡಿಯಪ್ಪನನ್ನು ಕರೆದು ಹೇಳಿದ: "ಇದನ್ನ ಮನೆಗೆ ಒಯ್ಯಪ್ಪ. ಮೂರು ಆಂಪೂ ಒಯ್ಯಿ, ಕೇಬಲ್ಲು, ಸ್ಟ್ಯಾಂಡು ಏನು ಬೇಕೋ ಒಯ್ಯಿ. ಇಲ್ಲಿ ರಸ್ತೆ ಗಲಾಟೆಯಲ್ಲಿ ಏನು ಕೇಳಿಸುತ್ತೆ? ಒಂದು ತಿಂಗಳು ಟೈಮ್ ಕೊಡ್ತೀನಿ. ಇದಕ್ಕೆ ಯಾವುದು ಜೋಡಿ ಅಂತ ನೀನು ಹೇಳಿದ್ದೇ ಕೊನೆ." ಅಂಗಡಿಯ ವ್ಯಾನಿನಲ್ಲಿ ಪೆಟ್ಟಿಗೆಗಳ ನಡುವೆ ಕೂತು ಮನೆಗೆ ಬರುವಾಗ ಅವನ ಮುಖ ನೋಡಬೇಕಿತ್ತು ನೀವು. ಹಸುಗೂಸನ್ನು ಆಸ್ಪತ್ರೆಯಿಂದ ತರುವವನ ಹಾಗೆ ಒಂದು ಕೈ ಡ್ಯಾಕಿನ ಮೇಲೇ ಇತ್ತು.

ಮನೆ ಮೂರನೇ ಮಹಡಿಯಲ್ಲಿ. ಎರಡು ಕೋಣೆ, ಒಂದು ನಡುಮನೆ, ಅಡುಗೆಮನೆ. ಇರುವವರು ಮೂವರು. ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರ್. ಸಾಕ್ಷಿ ಇಲ್ಲದೆ ದೇವರು ಬಂದು ಹೇಳಿದರೂ ನಂಬುವವಳಲ್ಲ, ಸಾಕ್ಷಿ ಸಿಕ್ಕಿತೋ ಬಿಡುವವಳೂ ಅಲ್ಲ. ಇನ್ನೊಬ್ಬರು ಅವಳ ತಾಯಿ, ಅಂದರೆ ಅವನ ಅತ್ತೆ. ಎಪ್ಪತ್ತೊಂದು ವರ್ಷ. ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. "ನನ್ನ ಕಣ್ಣು ತಪ್ಪಿಸಿ ಒಂದು ಒತ್ತಕ್ಷರ ಆಚೆ ಹೋಗಿಲ್ಲ" ಅನ್ನುವುದು ಅವರ ಹೆಮ್ಮೆ. ಸಕ್ಕರೆ ಕಾಯಿಲೆ ಹಳೆಯದು, ಬೆಳಿಗ್ಗೆ ಸಂಜೆ ಇನ್ಸುಲಿನ್. ಸಿಹಿ ಅಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು. ಆದರೆ ಹಿಂದಿನ ವರ್ಷ ಮಗಳ ತಲೆ ಮುಟ್ಟಿ "ಇನ್ನು ಮುಟ್ಟಲ್ಲ" ಅಂದಿದ್ದರು, ಅಂದಮೇಲೆ ಮುಟ್ಟಿರಲಿಲ್ಲ. ಟೀಗೂ ಸಕ್ಕರೆ ಇಲ್ಲ. ಬಿಸ್ಕತ್ತಿನ ಪೊಟ್ಟಣ ಕಣ್ಣೆದುರು ಬಿಚ್ಚಿದರೆ ಮುಖ ತಿರುಗಿಸಿ ಪದಬಂಧ ಬಿಡಿಸುತ್ತ ಕೂತಿರುತ್ತಿದ್ದರು.

ಹೆಂಡತಿ ಏಳೂವರೆಗೆ ಶಾಲೆಗೆ ಹೊರಟರೆ, ಅಂಗಡಿ ತೆರೆಯುವ ಹನ್ನೊಂದರವರೆಗೆ ನಡುಮನೆ ಜೋಡಿಯಪ್ಪನದು. ಮೊದಲ ದಿನವೇ ತಂಟೆ ಶುರುವಾಯಿತು. ತಂಟೆ ಅಂದರೆ ಫ್ರಿಜ್ಜು. ನಡುಮನೆಯ ಮೂಲೆಯಲ್ಲಿ ನಿಂತಿದ್ದ ಹಳೇ ಒಂಟಿಬಾಗಿಲಿನ ಫ್ರಿಜ್ಜು ಅದು. ಅದರ ಕಂಪ್ರೆಸರ್ ಶುರುವಾದಾಗಲೆಲ್ಲ ಸ್ಪೀಕರಿನಲ್ಲಿ ಟಿಕ್ ಅನ್ನುತ್ತಿತ್ತು, ಆಮೇಲೆ ಹಾಡಿನ ಅಡಿಯಲ್ಲಿ ಒಂದು ತೆಳ್ಳನೆ ಗುಂಯ್. ನಿಮಗೆ ನನಗೆ ಕೇಳಿಸುವಂಥದ್ದಲ್ಲ. ಅವನಿಗೆ ಮಾತ್ರ ಊಟದಲ್ಲಿ ಕೂದಲು ಸಿಕ್ಕಿದ ಹಾಗಾಗುತ್ತಿತ್ತು. ಅಂಗಡಿಯಿಂದ ಕರೆಂಟು ಸೋಸುವ ಪೆಟ್ಟಿಗೆ ತಂದು ಹಾಕಿದ. ಗುಂಯ್ ಅರ್ಧವಾಯಿತೇ ಹೊರತು ಹೋಗಲಿಲ್ಲ. ಕೊನೆಗೆ ಎದ್ದು ಹೋಗಿ ಫ್ರಿಜ್ಜಿನ ಸ್ವಿಚ್ಚನ್ನೇ ಆರಿಸಿದ. ಆಹಾ! ಹಾಡುವವಳು ಉಸಿರು ಎಳೆದುಕೊಳ್ಳುವ ಮುಂಚೆ ತುಟಿ ಬಿಡಿಸುತ್ತಾಳಲ್ಲ, ಆ ಸದ್ದು ಕೂಡ ಬಂತು.

"ಮೂರು ಗಂಟೆ ಆರಿಸಿಟ್ರೆ ಹಾಲು ಒಡೆಯುತ್ತೆ ಅಳಿಯಂದ್ರೇ," ಅಂದರು ಅತ್ತೆ ತಮ್ಮ ಕೋಣೆಯಿಂದಲೇ. "ಆಮೇಲೆ ನನ್ನ ಮಗಳಿಗೆ ನೀವೇ ಉತ್ತರ ಹೇಳ್ಬೇಕು, ನನ್ನ ಮೇಲೆ ಹಾಕ್ಬೇಡಿ."

ಅದಕ್ಕೆ ಅವನೊಂದು ಉಪಾಯ ಮಾಡಿದ. ಈ ಉಪಾಯವೇ ಮನೆ ಹಾಳುಮಾಡಿದ್ದು, ಆದ್ದರಿಂದ ಸರಿಯಾಗಿ ಕೇಳಿಸಿಕೊಳ್ಳಿ. ಫ್ರಿಜ್ಜಿನೊಳಗೆ ತಂಪು ಹೆಚ್ಚು ಕಡಿಮೆ ಮಾಡುವ ತಿರುಪು ಇರುತ್ತದಲ್ಲ, ಒಂದರಿಂದ ಏಳರವರೆಗೆ, ಅದು ಮೂರರಲ್ಲಿತ್ತು. ಅವನು ಏಳಕ್ಕೆ ತಿರುಗಿಸಿಟ್ಟ. ಉಳಿದ ಹೊತ್ತೆಲ್ಲ ಭರ್ಜರಿ ತಂಪಾಗಿದ್ದರೆ ಬೆಳಿಗ್ಗೆ ಮೂರು ಗಂಟೆ ಆರಿಸಿದರೂ ತಡೆದುಕೊಳ್ಳುತ್ತದೆ ಎಂಬ ಲೆಕ್ಕ. ಅಷ್ಟಕ್ಕೇ ಬಿಡಲಿಲ್ಲ ಮಹಾರಾಯ. ಬಾಗಿಲ ತಟ್ಟೆಯಲ್ಲಿ ಅತ್ತೆಯ ಇನ್ಸುಲಿನ್ ಸೀಸೆಗಳ ಡಬ್ಬಿ ಇತ್ತು. ಫ್ರಿಜ್ಜು ಆರಿದರೆ ಮೊದಲು ಬೆಚ್ಚಗಾಗುವುದು ಬಾಗಿಲ ಕಡೆಯೇ, ಔಷಧಿ ಕೆಡಬಾರದು ಅಂತ ಆ ಡಬ್ಬಿಯನ್ನು ಎತ್ತಿ ಒಳಗೆ, ಹಿಂದಿನ ಗೋಡೆಗೆ ಒತ್ತಿ ಇಟ್ಟ. ಎಲ್ಲಕ್ಕಿಂತ ತಣ್ಣನೆಯ ಜಾಗ. ಇಟ್ಟು, ತನ್ನ ಬುದ್ಧಿಗೆ ತಾನೇ ತಲೆದೂಗಿಕೊಂಡ. ಅತ್ತೆಯ ಔಷಧಿ ಮೇಲೆ ಯಾವ ಅಳಿಯನಿಗಿದೆ ಇಷ್ಟು ಕಾಳಜಿ, ಹೇಳಿ!

ಹತ್ತು ದಿನ ಸ್ವರ್ಗ. ಮೊದಲ ಆಂಪು ಹಳೇ ರೇಡಿಯೋದಂಥ ಗಾಜಿನ ವಾಲ್ವಿನದು, ಡ್ಯಾಕಿನ ಜೊತೆ ಸೇರಿದರೆ ಹಾಡೆಲ್ಲ ಕಂಬಳಿ ಹೊದ್ದ ಹಾಗೆ ಮೆತ್ತಗಾಗುತ್ತಿತ್ತು. ಎರಡನೆಯದು ಡ್ಯಾಕಿನಷ್ಟೇ ಚೂಪು. ತಾಳ ಬಡಿದರೆ ಹಲ್ಲು ಜುಮ್ಮನ್ನುತ್ತಿತ್ತು. ಮೂರನೆಯದನ್ನು ಕೇಳಬೇಕು ಅನ್ನುವಷ್ಟರಲ್ಲಿ ಅತ್ತೆ ಬಿದ್ದರು.

ಬಿದ್ದರು ಅಂದರೆ ಕಾಲು ಜಾರಿ ಅಲ್ಲ. ನಾಲ್ಕೈದು ದಿನದಿಂದ ಬಾಯಾರಿಕೆ ಬಾಯಾರಿಕೆ ಅನ್ನುತ್ತಿದ್ದರು, ಗಳಿಗೆಗೊಮ್ಮೆ ಬಚ್ಚಲಿಗೆ ಎದ್ದು ಹೋಗುತ್ತಿದ್ದರು. ಆವತ್ತು ಪದಬಂಧದ ಮೇಲೇ ತಲೆ ಇಟ್ಟು ಒರಗಿದವರು ಏಳಲಿಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ ನಾನೂರು ದಾಟಿತ್ತು. ಡಾಕ್ಟರಮ್ಮ ಕೇಳಿದರು, "ಏನು ತಿಂದ್ರಿ ಅಜ್ಜಿ?"

"ಏನೂ ತಿಂದಿಲ್ಲಮ್ಮ."

"ಎಲ್ಲಾ ಅಜ್ಜಿಯರೂ ಹೀಗೇ ಹೇಳೋದು," ಅಂತ ಡಾಕ್ಟರಮ್ಮ ನಕ್ಕರು. ಅವರದೇನೂ ತಪ್ಪಿಲ್ಲ ಬಿಡಿ, ದಿನಕ್ಕೆ ಐವತ್ತು ಜನರನ್ನು ನೋಡುವವರು. ಎರಡು ದಿನ ಆಸ್ಪತ್ರೆಯ ಇನ್ಸುಲಿನ್ ಕೊಟ್ಟರು, ಸಕ್ಕರೆ ಹೇಳಿದ ಮಾತು ಕೇಳಿಕೊಂಡು ಇಳಿಯಿತು. ಮನೆಗೆ ಕರೆತಂದರು, ಮೂರನೇ ದಿನ ಮತ್ತೆ ಮುನ್ನೂರೈವತ್ತು. ಡಾಕ್ಟರಮ್ಮ ಹದಿನೆಂಟಿದ್ದ ಡೋಸನ್ನು ಮೂವತ್ತಕ್ಕೆ ಏರಿಸಿ, ಕಾಗದ ಮಡಚಿ ಕೊಡುತ್ತ ಮಗಳ ಮುಖ ನೋಡಿದರು. ಲೆಕ್ಕದ ಟೀಚರಿಗೆ ಇನ್ನೇನು ಬೇಕು? ಆಸ್ಪತ್ರೆಯಲ್ಲಿ ಇಳಿಯುತ್ತೆ, ಮನೆಯಲ್ಲಿ ಏರುತ್ತೆ. ಅಂದರೆ ಮನೆಯಲ್ಲಿ ತಿನ್ನುತ್ತಿದ್ದಾರೆ. ಆವತ್ತೇ ಅತ್ತೆಯ ಕೋಣೆ ಜಾಲಾಡಿದಳು. ಹಾಸಿಗೆ ಕೆಳಗೆ, ಪುಸ್ತಕಗಳ ಹಿಂದೆ. ಒಂದು ಹಳೇ ಕೈಚೀಲದ ತಳದಲ್ಲಿ ಎರಡು ಚಾಕಲೇಟ್ ಕಾಗದ ಸಿಕ್ಕವು, ಯಾವ ಕಾಲದವೋ ಏನೋ.

"ಇದೇನಮ್ಮಾ ಇದು?"

"ಹೋದ ವರ್ಷದ್ದು ಕಣೆ. ಆಮೇಲೆ ನಾನು ಮುಟ್ಟಿಲ್ಲ. ನಿನ್ನ ತಲೆ ಮುಟ್ಟಿ ಹೇಳಿರ್ಲಿಲ್ವಾ?"

"ನನ್ನ ತಲೆ ಮುಟ್ಟಿ ಸುಳ್ಳು ಹೇಳ್ತೀಯಲ್ಲ, ನಾಚಿಕೆ ಆಗಲ್ವಾ?"

ಅತ್ತೆ ಅಳಿಯನ ಕಡೆ ನೋಡಿದರು. ಮನೆಯಲ್ಲಿ ತಾಯಿ ಮಗಳ ಜಗಳ ಆದಾಗಲೆಲ್ಲ ಅವರು ನೋಡುತ್ತಿದ್ದದ್ದು ಅವನ ಕಡೆಯೇ. ಪಕ್ಷ ವಹಿಸದೆ ನ್ಯಾಯ ಹೇಳುತ್ತಾನೆ ಅಂತ ಅವನ ಮೇಲೆ ಒಂದು ನಂಬಿಕೆ. ಅವನು ಆ ಹೊತ್ತಿಗೆ ಏನು ಹೇಳಿದ ಗೊತ್ತೆ? ಬಹಳ ಮೆತ್ತಗೆ, ಬಹಳ ಪ್ರೀತಿಯಿಂದ ಹೇಳಿದ: "ಒಪ್ಕೊಂಡ್ಬಿಡಿ ಅತ್ತೆ. ಯಾರೂ ಏನೂ ಅನ್ನಲ್ಲ. ವಯಸ್ಸಾದ ಮೇಲೆ ಆಗುತ್ತೆ. ತಿಂದು ಮರೆತಿರಬಹುದು."

ಆಮೇಲೆ ಆ ವಿಷಯಕ್ಕೆ ಅತ್ತೆ ವಾದಿಸಲಿಲ್ಲ. ಹೆಂಡತಿ ಅಡುಗೆಮನೆ ಕಪಾಟಿಗೆ ಬೀಗ ಜಡಿದಳು, ಸಕ್ಕರೆ, ಜಾಮು, ಬಿಸ್ಕತ್ತು ಎಲ್ಲ ಒಳಗೆ; ಬೀಗದ ಕೈ ಅವಳ ಕೊರಳ ಸರದಲ್ಲಿ.

ಬೀಗ ಬಿದ್ದ ಮಾರನೇ ದಿನ, ಶುಕ್ರವಾರ ಬೆಳಿಗ್ಗೆ, ಜೋಡಿಯಪ್ಪ ಮೂರನೇ ಆಂಪನ್ನು ಜೋಡಿಸುತ್ತಿದ್ದ. ಬಾಯಾರಿತು. ಫ್ರಿಜ್ಜಿನ ಬಾಗಿಲ ತಟ್ಟೆಯಲ್ಲಿ ನೀರು ಖಾಲಿ. ಹಿಂದುಗಡೆ ಕೈ ಹಾಕಿ ಒಂದು ಬಾಟಲಿ ಎಳೆದ. ಅಲುಗಾಡಿಸಿದರೆ ಒಳಗೆ ಕಲ್ಲು. ಅರ್ಧ ಬಾಟಲಿ ನೀರು ಮಂಜುಗಡ್ಡೆಯಾಗಿತ್ತು. ಅದರ ಪಕ್ಕದಲ್ಲೇ ಇನ್ಸುಲಿನ್ ಡಬ್ಬಿ. ಎಳೆದ, ಬರಲಿಲ್ಲ. ಹಿಂದಿನ ಗೋಡೆಗೆ ಹಿಮ ಕಟ್ಟಿ ಅಂಟಿಕೊಂಡಿತ್ತು. ಕಿತ್ತು ತೆಗೆದಾಗ ರಟ್ಟಿನ ತಳ ಗೋಡೆಯಲ್ಲೇ ಉಳಿಯಿತು.

ಸೀಸೆಯನ್ನು ಕಿಟಕಿ ಬೆಳಕಿಗೆ ಹಿಡಿದ. ಮೊದಲೇ ಹಾಲಿನ ಬಣ್ಣದ ಔಷಧಿ, ಅವಸರದಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ನಿಂತು ನೋಡಿದರೆ ಗಾಜಿನ ಒಳಮೈಗೆ ಬಿಳೀ ಚೂರುಗಳು ಕಚ್ಚಿದ್ದವು, ಹಾಲು ಒಡೆದ ಪಾತ್ರೆಯ ಹಾಗೆ. ಡಬ್ಬಿಯೊಳಗಿನ ಮಡಚಿದ ಕಾಗದ ಬಿಡಿಸಿದ. ಇರುವೆಯಷ್ಟು ಅಕ್ಷರದಲ್ಲಿ ಬರೆದಿತ್ತು: ಹೆಪ್ಪುಗಟ್ಟಿದ್ದರೆ, ಕರಗಿದ ಮೇಲೂ, ಬಳಸಬಾರದು. ರಾತ್ರಿಯೆಲ್ಲ ಏಳರ ತಂಪಿನಲ್ಲಿ ಹೆಪ್ಪುಗಟ್ಟಿ, ಬೆಳಿಗ್ಗೆ ಚುಚ್ಚುವ ಮುಂಚೆ ಹೊರಗಿಟ್ಟಾಗಲೋ ಇವನು ಫ್ರಿಜ್ಜು ಆರಿಸಿ ಹಾಡು ಕೇಳುವಾಗಲೋ ಕರಗಿ, ಆಮೇಲೆ ಏನೂ ಆಗದವರ ಹಾಗೆ ಕೂತಿರುತ್ತಿದ್ದ ಔಷಧಿ ಅದು. ಅತ್ತೆಗೆ ಇಷ್ಟು ದಿನ ಚುಚ್ಚಿದ್ದು ಅದನ್ನೇ. ಅವರು ಸಿಹಿ ತಿಂದಿರಲಿಲ್ಲ. ಸುಳ್ಳೂ ಹೇಳಿರಲಿಲ್ಲ. ಮರೆತೂ ಇರಲಿಲ್ಲ.

ಆ ಕ್ಷಣವೇ ಹೋಗಿ ಹೇಳಬಹುದಿತ್ತು. ಅತ್ತೆ ಹತ್ತು ಹೆಜ್ಜೆ ದೂರದ ಕೋಣೆಯಲ್ಲೇ ಇದ್ದರು. ಬಾಗಿಲವರೆಗೆ ಹೋದ ಕೂಡ. ಅವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಏನಂತ ಹೇಳುವುದು? ನಿಮ್ಮ ಪ್ರಾಣಕ್ಕೆ ಸಂಚಕಾರ ತಂದದ್ದು ನಾನು, ತಂದು ನಿಮ್ಮನ್ನೇ ಒಪ್ಪಿಕೊಳ್ಳಿ ಅಂದದ್ದೂ ನಾನು, ಅದೂ ಒಂದು ಗುಂಯ್ ಸದ್ದು ಕೇಳಬಾರದು ಅಂತ? ಹೆಂಡತಿಯ ಮುಖ ನೆನಪಾಯಿತು, ಬಾಗಿಲಿಂದಲೇ ಹಿಂದೆ ತಿರುಗಿದ. ಸಂಜೆ ಹೇಳೋಣ ಅಂದುಕೊಂಡ. ಇಂಥವರ ಸಂಜೆ ಯಾವತ್ತು ಬರುತ್ತದೆ?

ಹೇಳುವ ಬದಲು ಅವನು ಏನು ಮಾಡಿದ ಅಂದರೆ, ಔಷಧಿ ಅಂಗಡಿಗೆ ಓಡಿ ಅಂಥದ್ದೇ ಹೊಸ ಸೀಸೆಗಳನ್ನು ತಂದ. ಹಳೆಯವನ್ನು ಬೀದಿಯ ಕಸದ ತೊಟ್ಟಿಗೆ ಎಸೆದ. ಹೊಸವನ್ನು ಬಾಗಿಲ ತಟ್ಟೆಯಲ್ಲಿಟ್ಟ, ತಿರುಪನ್ನು ಮೂರಕ್ಕೆ ತಂದ. ಔಷಧಿ ಸರಿಹೋಯಿತು, ಇನ್ನು ಸಕ್ಕರೆ ಇಳಿಯುತ್ತದೆ, ಅತ್ತೆ ಹುಷಾರಾಗುತ್ತಾರೆ, ಆಮೇಲೆ ನಿಧಾನಕ್ಕೆ ಹೇಳಿದರಾಯಿತು. ಕಳ್ಳನಾದರೂ ಕದ್ದದ್ದನ್ನು ವಾಪಸ್ ಇಟ್ಟ ಕಳ್ಳ ತಾನು ಅಂತ ಸಮಾಧಾನ ಮಾಡಿಕೊಂಡ.

ಸಕ್ಕರೆ ಇಳಿಯಿತು. ಮುನ್ನೂರು, ಇನ್ನೂರ ನಲವತ್ತು, ನೂರ ಎಂಬತ್ತು. ಗ್ರಹಚಾರ ನೋಡಿ, ಅದು ಇಳಿದಷ್ಟೂ ಅತ್ತೆಯ ಮೇಲಿನ ಆರೋಪ ಗಟ್ಟಿಯಾಯಿತು. "ನೋಡಿದ್ರಾ? ಬೀಗ ಹಾಕಿದ್ದೇ ತಡ ಹೆಂಗೆ ಇಳೀತು!" ಅಂತ ಹೆಂಡತಿ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಅಂಕಿಗಳನ್ನು ಅವನಿಗೇ ತೋರಿಸಿದಳು. ಅವನು ಹೂಂ ಅಂದ. ಹೂಂ ಅಂದ ಬಾಯಿಗೆ ಆವತ್ತು ಅನ್ನ ಇಳಿಯಲಿಲ್ಲ.

ಅತ್ತೆ ಸಣ್ಣಗಾಗುತ್ತ ಹೋದರು. ಪದಬಂಧ ನಿಂತಿತು. ಪಕ್ಕದ ಮನೆಯಾಕೆ ಬಂದು ಕೂತರೆ ಮಾತು ಮುಗಿಯುವ ಮುಂಚೆ ಎದ್ದುಹೋಗುತ್ತಿದ್ದರು. ಒಂದು ದಿನ ಅವನು ಅಂಗಡಿಗೆ ಹೊರಟಾಗ ಬಾಗಿಲ ಹತ್ತಿರ ಬಂದು ನಿಂತು, "ಅಳಿಯಂದ್ರೇ, ಒಂದು ಕೇಳ್ಲಾ?" ಅಂದರು. ಅವನು "ಈಗ ಬೇಡ ಅತ್ತೆ, ಲೇಟಾಯ್ತು" ಅಂದು ಮೆಟ್ಟಿಲು ಇಳಿದುಬಿಟ್ಟ. ಮೂರು ಮಹಡಿ ಇಳಿಯುವಷ್ಟರಲ್ಲಿ ಮೂರು ಸಲ ನಿಂತ, ಮೂರು ಸಲವೂ ಹತ್ತಲಿಲ್ಲ.

ಡ್ಯಾಕಿನ ಕಥೆಯೂ ಕೇಳಿ. ಮೂರನೇ ಆಂಪನ್ನು ಜೋಡಿಸಿ ಕೂತರೆ ಅವನಿಗೆ ಏನೂ ತಿಳಿಯಲಿಲ್ಲ. ಈಗ ಫ್ರಿಜ್ಜು ಆರಿಸುವ ಧೈರ್ಯವಿರಲಿಲ್ಲ. ಹಾಡು ಬರುತ್ತಿತ್ತು, ಹೋಗುತ್ತಿತ್ತು. ಅವನ ಕಿವಿ ಇದ್ದದ್ದು ಆ ಗುಂಯ್ ಮೇಲೆ. ತಾಮ್ರದ ಕೇಬಲ್ಲು ಹಾಕಿದ, ಬೆಳ್ಳಿಯದು ಹಾಕಿದ, ಆಂಪಿನ ಕೆಳಗೆ ರಬ್ಬರ್ ಕಾಲು ಇಟ್ಟ, ತೆಗೆದ. ಎಲ್ಲ ಒಂದೇ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ: "ಮೂರನೆಯದೇ ಸರಿ." ಯಜಮಾನ ಆ ಜೋಡಿಯನ್ನು ಒಬ್ಬ ಹಲ್ಲಿನ ಡಾಕ್ಟರಿಗೆ ಮಾರಿದ. ಹಲ್ಲಿನ ಡಾಕ್ಟರು ಎರಡು ದಿನ ಬಿಟ್ಟು ಫೋನ್ ಮಾಡಿ, "ನಿಮ್ಮ ಜೋಡಿಯಪ್ಪನ ಕಿವಿಗೆ ಚಿನ್ನದ ತೊಡವು ಮಾಡಿಸಿ ಹಾಕಬೇಕು" ಅಂದರಂತೆ. ಯಜಮಾನ ಅದನ್ನು ಅಂಗಡಿ ತುಂಬ ಹೇಳಿಕೊಂಡು ತಿರುಗಿದ. ಜೋಡಿಯಪ್ಪನಿಗೆ ಎಲ್ಲಾದರೂ ಭೂಮಿ ಬಾಯಿಬಿಟ್ಟರೆ ಹೊಕ್ಕುಬಿಡೋಣ ಅನ್ನಿಸಿತು.

ಒಂದು ವಿಷಯ ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ. ಪೆಟ್ಟಿಗೆಗೆ ಪೆಟ್ಟಿಗೆ ಅಳೆದು ಜೋಡಿಸುವವನಿಗೆ, ಇದಕ್ಕೆ ಅದು ಹೆಚ್ಚಾಯಿತು ಅಂತ ಎರಡು ನಿಮಿಷದಲ್ಲಿ ಹೇಳುವವನಿಗೆ, ಇಷ್ಟು ಹೊಳೆಯಲಿಲ್ಲ: ಡೋಸನ್ನು ಮೂವತ್ತಕ್ಕೆ ಏರಿಸಿದ್ದು ಕೆಟ್ಟ ಔಷಧಿಗೆ. ಈಗ ಔಷಧಿ ಒಳ್ಳೆಯದು, ಡೋಸು ಮಾತ್ರ ಅದೇ ಮೂವತ್ತು. ಹಾಗೇ ಇಳಿಯುತ್ತ ಬಂದ ಸಕ್ಕರೆ ಒಂದು ಕಡೆ ನಿಲ್ಲಬೇಕಲ್ಲ? ಅದಕ್ಕೆ ಯಾರೂ ನಿಲ್ಲು ಅನ್ನಲಿಲ್ಲ.

ಭಾನುವಾರ ಬೆಳಿಗ್ಗೆ. ಎಂಟಕ್ಕೆ ಇನ್ಸುಲಿನ್ ಆಯಿತು. ಅತ್ತೆ ಅರ್ಧ ತುಂಡು ಬ್ರೆಡ್ಡು ತಿಂದು ತಟ್ಟೆ ದೂಡಿದರು. ಈಚೆಗೆ ತಿನ್ನುವುದಕ್ಕೇ ಹೆದರುತ್ತಿದ್ದರು. ಹತ್ತೂವರೆ ಹೊತ್ತಿಗೆ ಜೋಡಿಯಪ್ಪ ನಡುಮನೆಯಲ್ಲಿ ಕೂತು, ಅಂಗಡಿಗೆ ಮರಳಿಸಬೇಕಾದ ಕೇಬಲ್ಲುಗಳನ್ನು ಸುತ್ತುತ್ತಿದ್ದ. ಅಡುಗೆಮನೆಯಿಂದ ಮಾತು ಕೇಳಿಸಿತು.

"ಒಂದು ಚಮಚ ಸಕ್ಕರೆ ಕೊಡೇ."

"ಮತ್ತೆ ಶುರು ಮಾಡಿದ್ಯಾ ಅಮ್ಮಾ?"

"ಕೈ ನಡುಗ್ತಿದೆ. ಒಂದೇ ಚಮಚ."

"ನಾಟಕ ಬೇಡ. ನಂಗೆ ಎಲ್ಲಾ ಗೊತ್ತಾಗುತ್ತೆ."

ಅತ್ತೆಯ ದನಿ ಜೋಲುತ್ತಿತ್ತು. ಕೊನೆಯ ಅಕ್ಷರಗಳು ನಾಲಿಗೆಯಲ್ಲೇ ಉಳಿಯುತ್ತಿದ್ದವು. ಅಷ್ಟು ಕೇಳಿದ್ದೇ ಅವನಿಗೆ ಎಲ್ಲ ಒಟ್ಟಿಗೆ ಹೊಳೆಯಿತು, ಮೂವತ್ತು, ಹೊಸ ಸೀಸೆ, ಎಲ್ಲ. ಕೇಬಲ್ಲು ಕಾಲಿಗೆ ಸುತ್ತಿಕೊಂಡು ಮುಗ್ಗರಿಸಿ ಅಡುಗೆಮನೆಗೆ ಬಂದ. ಅತ್ತೆ ಕಪಾಟಿನ ಹಿಡಿ ಹಿಡಿದು ನಿಂತಿದ್ದರು. ರವಿಕೆಯೆಲ್ಲ ಬೆವರು. ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ.

"ಕೀ ಕೊಡು!"

"ನೀವೂ ಅವಳ ತಾಳಕ್ಕೆ ಕುಣೀಬೇಡಿ ರೀ."

"ಅವರು ತಿಂದಿರಲಿಲ್ಲ ಕಣೇ! ಔಷಧಿ ಕೆಟ್ಟಿತ್ತು. ಕೆಡಿಸಿದ್ದು ನಾನು. ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿಬಿಟ್ಟಿದ್ದೆ, ಆಮೇಲೆ ಹೊಸದು ತಂದಿಟ್ಟೆ, ಡೋಸು ಮಾತ್ರ ಹಳೇದೇ ಇದೆ. ಸಕ್ಕರೆ ಪಾತಾಳಕ್ಕೆ ಇಳಿದಿದೆ. ಕೊಡೇ ಕೀ!"

ಹೆಂಡತಿಯ ಕೈ ಕೊರಳಿಗೆ ಹೋಯಿತು, ಕೊಕ್ಕೆ ಬಿಚ್ಚಲು ಬರಲಿಲ್ಲ, ಸರವನ್ನೇ ಕಿತ್ತಳು. ಅಷ್ಟರಲ್ಲಿ ಅತ್ತೆ ಅವನ ತೋಳಿನ ಮೇಲೆ ಕುಸಿದರು. ಅವನು ಅವರನ್ನು ನೆಲಕ್ಕೆ ಒರಗಿಸಿ ಕೂರಿಸಿಕೊಂಡ. ಹೆಂಡತಿ ಸಕ್ಕರೆ ನೀರು ಕಲಸಿ ಚಮಚ ಚಮಚ ಬಾಯಿಗೆ ಹಾಕಿದಳು. ಅರ್ಧ ಒಳಗೆ, ಅರ್ಧ ಗಲ್ಲದ ಮೇಲೆ. ಬೆರಳು ಚುಚ್ಚಿ ನೋಡಿದರೆ ನಲವತ್ತೊಂದು. "ನುಂಗಮ್ಮಾ, ನುಂಗು, ನನ್ನಮ್ಮ ಅಲ್ವಾ" ಅಂತ ಹೆಂಡತಿ ಅಳುತ್ತಲೇ ಹಾಕಿದಳು. ಹದಿನೈದು ನಿಮಿಷ ಕಳೆದ ಮೇಲೆ ಅತ್ತೆ ಅವನ ಮುಖ ಗುರುತಿಸಿ, "ಇದೇನು, ನೆಲದ ಮೇಲೆ ಕೂರಿಸಿದ್ದೀರಿ?" ಅಂದರು.

ಡಾಕ್ಟರಮ್ಮನಿಗೆ ಫೋನಾಯಿತು. ಎಲ್ಲ ಕೇಳಿ ಅವರು ಮೊದಲು ಡೋಸು ಹೇಳಿದರು, ಹಿಂದಿನ ಹದಿನೆಂಟೇ ಸಾಕು, ಗಂಟೆಗೊಮ್ಮೆ ನೋಡ್ತಿರಿ, ಸಂಜೆ ಕರ್ಕೊಂಡು ಬನ್ನಿ. ಆಮೇಲೆ ಅವನಿಗೆ ಹೇಳಬೇಕಾದ್ದನ್ನೂ ಹೇಳಿದರು. ಅದನ್ನು ಇಲ್ಲಿ ಬರೆಯುವುದು ಬೇಡ. ಅತ್ತೆಯನ್ನು ಮಲಗಿಸಿ ಬಂದು ಹೆಂಡತಿ ಫ್ರಿಜ್ಜಿಗೆ ಒರಗಿ ನೆಲದ ಮೇಲೆ ಕೂತಳು.

"ಯಾವತ್ತಿಂದ ಗೊತ್ತಿತ್ತು ನಿಮಗೆ?"

"ಹೋದ ಶುಕ್ರವಾರದ ಹಿಂದಿನ ಶುಕ್ರವಾರ. ಒಂಬತ್ತು ದಿನ."

"ನಾನು ನಮ್ಮಮ್ಮನ್ನ ಸುಳ್ಳುಬುರುಕಿ ಅಂದೆನಲ್ರೀ," ಅಂದಳು ಅವಳು. ಬೈಗುಳಕ್ಕೆ ಕಾದು ನಿಂತಿದ್ದ ಅವನಿಗೆ ಅದೇ ಹೆಚ್ಚಾಯಿತು. ಕಣ್ಣೊರೆಸಿಕೊಂಡು, "ಹೋಗಿ ಹೇಳಿ. ನೀವೇ ಹೇಳ್ಬೇಕು. ಒಂದೂ ಬಿಡದೆ" ಅಂದಳು.

ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಅಡುಗೆಮನೆಯ ಕೂಗಾಟ ಅವರಿಗೆ ಮಂಕಿನಲ್ಲಿ ಸರಿಯಾಗಿ ತಿಳಿದಿರಲಿಲ್ಲ. ಅವನು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಶುರುಮಾಡಿದ. ಫ್ರಿಜ್ಜು ಆರಿಸಿದ್ದು, ತಿರುಪು ಏಳಕ್ಕಿಟ್ಟದ್ದು, ಡಬ್ಬಿ ಹಿಂದಕ್ಕೆ ದೂಡಿದ್ದು, ಬಿಳೀ ಚೂರು, ಹೊಸ ಸೀಸೆ. ಎಲ್ಲ ಹೇಳಿದ. ಒಂಬತ್ತು ದಿನ ಅನ್ನುವಲ್ಲಿ ಮಾತ್ರ ನಾಲಿಗೆ ಹೊರಳಲಿಲ್ಲ, ಹಾರಿಸಿಬಿಟ್ಟ.

ಅತ್ತೆ ದಿಂಬಿನಿಂದ ಮುಂದಕ್ಕೆ ಬಾಗಿದರು.

"ಅಂದ್ರೆ, ನಾನು ತಿಂದಿರಲಿಲ್ಲ?"

"ಇಲ್ಲ ಅತ್ತೆ."

"ಒಂದು ಚೂರೂ?"

"ಒಂದು ಚೂರೂ ಇಲ್ಲ."

"ಮರೆತೂ ಇಲ್ಲ?"

"ಇಲ್ಲ ಅತ್ತೆ. ನೀವು ಏನೂ ಮರೆತಿಲ್ಲ. ತಪ್ಪೆಲ್ಲ ನಂದೇ."

ಬೈಯುತ್ತಾರೆ ಅಂತ ಅವನು ತಲೆ ತಗ್ಗಿಸಿದ್ದ. ಬೈಗುಳ ಬರಲಿಲ್ಲ. ತಲೆ ಎತ್ತಿ ನೋಡಿದರೆ ಅತ್ತೆ ನಗುತ್ತಿದ್ದರು. 'ಅಯ್ಯೋ ದೇವರೇ, ಅಯ್ಯೋ ದೇವರೇ' ಅಂತ ಎದೆ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು ಧಾರಾಕಾರ. ಅವರ ಅಕ್ಕ ಕೊನೆಗಾಲದಲ್ಲಿ ಎಲ್ಲ ಮರೆತು, ಹೆತ್ತ ಮಗನನ್ನೇ ಯಾರಪ್ಪ ನೀನು ಅಂತ ಕೇಳುತ್ತ ಸತ್ತಿದ್ದರು. ಅದೇ ತನಗೂ ಬಂತು ಅಂತ ಇಷ್ಟು ದಿನ ಈಕೆ ಒಬ್ಬರೇ ಕೂತು ನಡುಗಿದ್ದರು. ಈಗ ಔಷಧಿಯ ಮೇಲೂ ಸಿಟ್ಟಿಲ್ಲ, ಫ್ರಿಜ್ಜಿನ ಮೇಲೂ ಸಿಟ್ಟಿಲ್ಲ. ದಿಂಬಿನ ಪಕ್ಕದ ಫೋನ್ ತೆಗೆದು ತಂಗಿಗೆ ಹಚ್ಚಿದರು.

"ಲೇ, ನನ್ನ ತಲೆಗೆ ಏನೂ ಆಗಿಲ್ಲ ಕಣೇ! ನೆಟ್ಟಗಿದೆ, ನೆಟ್ಟಗಿದೆ! ಔಷಧಿ ಕೆಟ್ಟಿತ್ತಂತೆ. ಹೂಂ ಕಣೇ, ಅಳಿಯಂದ್ರಿಂದ ಆದದ್ದು, ಅವರೇ ಬಾಯಿಬಿಟ್ಟು ಹೇಳಿದ್ರು. ಗೊತ್ತಾದ ಕೂಡ್ಲೇ ಬಂದು ಹೇಳಿದ್ರು. ಯಾರು ಹೇಳ್ತಾರೆ ಈ ಕಾಲದಲ್ಲಿ, ನೀನೇ ಹೇಳು?"

ಅವನು ಎದ್ದು ಹೋಗಬಹುದಿತ್ತು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಕೂಡಲೇ ಅಲ್ಲ ಅತ್ತೆ," ಅಂದ ಅವನು. ದನಿ ಎಷ್ಟು ಸಣ್ಣಗಿತ್ತೆಂದರೆ ಇನ್ನೊಮ್ಮೆ ಹೇಳಬೇಕಾಯಿತು. "ಕೂಡಲೇ ಹೇಳಲಿಲ್ಲ. ಗೊತ್ತಾಗಿ ಒಂಬತ್ತು ದಿನ ಆಗಿತ್ತು. ಹೆದರಿಕೊಂಡು ಬಚ್ಚಿಟ್ಟೆ."

ಅತ್ತೆ ಫೋನಿನಲ್ಲಿ "ಆಮೇಲೆ ಮಾಡ್ತೀನಿ ಕಣೆ" ಅಂದು ಇಟ್ಟರು. ನಗು ಎಲ್ಲಿ ಹೋಯಿತೋ. ಬೆರಳು ಮಡಚಿ ದಿನ ಎಣಿಸಿದರು. ಆಮೇಲೆ ದಿಂಬಿನ ಕವರಿನೊಳಗೆ ಕೈ ಹಾಕಿ ಒಂದು ಪುಟ್ಟ ನೋಟುಪುಸ್ತಕ ತೆಗೆದರು. ಮನೆಯಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಹಾಳೆ ಹಿಂದೆ ಹಿಂದೆ ಮಗುಚಿ, ಒಂದು ಕಡೆ ನಿಲ್ಲಿಸಿ, ಅವನ ಕೈಗೆ ಕೊಟ್ಟರು.

"ಶುಕ್ರವಾರದಿಂದ ಓದಿ. ನಂಗೂ ಕೇಳಿಸ್ಬೇಕು, ಜೋರಾಗಿ ಓದಿ."

ಕರಡು ತಿದ್ದಿದವರ ಅಕ್ಷರ, ಅಚ್ಚು ಹಾಕಿದ ಹಾಗೆ. ಅವನು ಓದಿದ.

"ಶುಕ್ರವಾರ. ಎಂಟು ಗಂಟೆ, ಬ್ರೆಡ್ಡು ಎರಡು. ಹತ್ತು, ಏನೂ ಇಲ್ಲ. ಹನ್ನೆರಡು, ಏನೂ ಇಲ್ಲ ಅನ್ನಿಸುತ್ತೆ.

"ಭಾನುವಾರ. ಬೀಗ ಹಾಕಿದ ಮೇಲೆ ಸಕ್ಕರೆ ಇಳಿಯುತ್ತಿದೆ. ಅಂದರೆ ತಿನ್ನುತ್ತಿದ್ದದ್ದು ನಿಜ. ಯಾವಾಗ ತಿಂದೆ?

"ಸೋಮವಾರ. ಮಲಗುವಾಗ ಎರಡೂ ಕೈಗೆ ಪೌಡರ್ ಹಚ್ಚಿಕೊಂಡಿದ್ದೆ. ಎದ್ದು ನೋಡಿದರೆ ಕಪಾಟಿನ ಹಿಡಿಯ ಮೇಲೆ ಗುರುತಿಲ್ಲ. ಕೈ ಒರೆಸಿಕೊಂಡು ಹೋಗಿರಬಹುದು.

"ಮಂಗಳವಾರ. ಮಗಳು ಹುಟ್ಟಿದ ದಿನ ಬರೆದು ನೋಡಿದೆ. ಸರಿ ಇದೆ. ದಿನಾ ಬರೆದು ನೋಡಬೇಕು.

"ಬುಧವಾರ. ಹುಟ್ಟಿದ ದಿನ ಸರಿ ಇದೆ. ಅಳಿಯಂದಿರನ್ನು ಕೇಳೋಣ ಅಂತ ಹೋದೆ, ನಾನು ನಿಜವಾಗಿ ತಿಂದದ್ದು ಕಂಡಿದ್ದೀರಾ ಅಂತ. ಅವರಿಗೆ ಅವಸರ. ಅವರು ಸುಳ್ಳು ಹೇಳುವ ಪೈಕಿ ಅಲ್ಲ. ಮರೆತಿರಬಹುದು ಅಂದಿದ್ದಾರೆ, ಹಾಗಾದರೆ ಮರೆತೇ ಇರಬೇಕು."

ಪುಸ್ತಕ ತೊಡೆಯ ಮೇಲೆ ಇಳಿಯಿತು. ಅತ್ತೆ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದರು.

"ನಿಲ್ಲಿಸ್ಬೇಡಿ," ಅಂದರು. "ಇನ್ನೂ ಮೂರು ದಿನ ಇದೆ."

ಅವನು ಗುರುವಾರದ ಹಾಳೆ ತಿರುವಿದ.